ಈಚೆಗೆ ಏನು ಓದಿದಿರಿ? ಕೊಚ್ಚಿ, ತಿರುವನಂತಪುರದ ಕನ್ನಡಿಗರಲ್ಲಿ ಒಂದು ಮನವಿ



ಊರಿಗೆ ಹೋಗಿ ಬರುವಾಗ ನಾವೆಲ್ಲ ಹೊತ್ತು ತರುವುದು ಹೆಚ್ಚುಕಡಿಮೆ ಒಂದೇ: ಬ್ಯಾಡಗಿ ಮೆಣಸಿನಕಾಯಿ, ಸಾರಿನ ಪುಡಿ, ಹುರಿಗಡಲೆ, ಚೀಲದ ಅಡಿಯಲ್ಲಿ ನಾಲ್ಕೈದು ಪುಸ್ತಕ. ಮೆಣಸಿನಕಾಯಿಯಲ್ಲಿ ಒಂದು ಹಿಡಿ ಪಕ್ಕದ ಮನೆಗೂ ಹೋಗುತ್ತದೆ. ಪುಸ್ತಕ ಹೋಗುವುದಿಲ್ಲ. ಒಮ್ಮೆ ಓದಿ ಕಪಾಟಿಗೆ ಸೇರಿಸಿದರೆ ಅಲ್ಲಿಗೆ ಅದರ ಕತೆ ಮುಗಿಯಿತು. ಜೂನ್‌ನಲ್ಲಿ ಇಡವಪಾತಿ ಮಳೆ ಹಿಡಿದರೆ ಉಳಿದ ಕೆಲಸವನ್ನು ಬೂಷ್ಟು ಮಾಡುತ್ತದೆ. ಕೇರಳದ ಮಳೆಗಾಲದಲ್ಲಿ ಮುಚ್ಚಿಟ್ಟ ಪುಸ್ತಕಕ್ಕಿಂತ ಕೈಯಿಂದ ಕೈಗೆ ಹೋಗುವ ಪುಸ್ತಕವೇ ಹೆಚ್ಚು ಬಾಳುತ್ತದೆ. ಅವನ್ನು ಹೊರಗೆ ತೆಗೆಯಿರಿ, ಓದಿದ್ದನ್ನು ಒಬ್ಬರಿಗೊಬ್ಬರು ಹೇಳಿ, ಪುಸ್ತಕವನ್ನೂ ಕೊಡಿ. ನನ್ನ ಮನವಿ ಇಷ್ಟೇ.

ನಾವು ಇಲ್ಲಿ ಕಡಿಮೆ ಜನವೇನಲ್ಲ. ತುಂಬಾದ ಬಾಹ್ಯಾಕಾಶ ಕೇಂದ್ರದಲ್ಲಿ, ಟೆಕ್ನೋಪಾರ್ಕಿನಲ್ಲಿ, ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ, ನೌಕಾನೆಲೆಯಲ್ಲಿ, ಬ್ಯಾಂಕುಗಳಲ್ಲಿ ನಮ್ಮವರಿದ್ದಾರೆ. ಹೋಟೆಲು ನಡೆಸುವವರಿದ್ದಾರೆ. ದೇವಸ್ಥಾನದ ಪೂಜೆಗೆಂದು ತುಳುನಾಡಿನಿಂದ ತಲೆಮಾರುಗಳ ಹಿಂದೆಯೇ ಬಂದು ನೆಲೆಸಿದ ಮನೆತನಗಳಿವೆ. ಸಾಹಿತ್ಯದ ಹುಚ್ಚಿರುವವರು ಇಷ್ಟು ಜನರಲ್ಲಿ ಇದ್ದೇ ಇರುತ್ತಾರೆ. ಆದರೆ ಯಾರ ಮನೆಯಲ್ಲಿ ಯಾವ ಪುಸ್ತಕವಿದೆ ಎಂಬುದು ಇನ್ನೊಬ್ಬರಿಗೆ ಗೊತ್ತಿಲ್ಲ. ನಮ್ಮ ವಾಟ್ಸ್ಆಪ್ ಗುಂಪುಗಳಲ್ಲಿ ಶುಭೋದಯವಿದೆ, ಯುಗಾದಿ ಊಟದ ಲೆಕ್ಕವಿದೆ, ಬೆಂಗಳೂರಿಗೆ ತತ್ಕಾಲ್ ಟಿಕೆಟ್ ಸಿಕ್ಕಿತೇ ಎಂಬ ವಿಚಾರಣೆಯಿದೆ. ‘ಈಚೆಗೆ ಏನು ಓದಿದಿರಿ?’ ಎಂದು ಕೇಳುವವರು ಮಾತ್ರ ಇಲ್ಲ.

ಕೇಳಿದಾಗ ಉತ್ತರ ಕೊಡುವ ರೀತಿಯನ್ನೂ ನಾವು ತಿದ್ದಿಕೊಳ್ಳಬೇಕು. ‘ತುಂಬಾ ಚೆನ್ನಾಗಿದೆ, ಎಲ್ಲರೂ ಓದಲೇಬೇಕು’ ಎಂಬ ಮಾತಿನಿಂದ ಯಾರೂ ಪುಸ್ತಕ ಎತ್ತಿಕೊಳ್ಳುವುದಿಲ್ಲ. ಯಾರು ಓದಬೇಕು, ಏಕೆ, ಎಲ್ಲಿ ಕಷ್ಟವಾಗುತ್ತದೆ ಎಂದು ಹೇಳಿ. ಕಾರಂತರ ‘ಬೆಟ್ಟದ ಜೀವ’ ಸಣ್ಣ ಕಾದಂಬರಿ, ಎರಡು ರಾತ್ರಿಗೆ ಮುಗಿಯುತ್ತದೆ. ವಯಸ್ಸಾದ ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬಂದವರಿಗೆ ಅದರಲ್ಲಿ ಬರುವ ಗೋಪಾಲಯ್ಯನ ಮನೆ ಬೇಗ ಅರ್ಥವಾಗುತ್ತದೆ. ‘ಮಲೆಗಳಲ್ಲಿ ಮದುಮಗಳು’ ಹಿಡಿಯುವವರು ಮೊದಮೊದಲು ಪಾತ್ರಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ, ಇಲ್ಲವಾದರೆ ಅರ್ಧಕ್ಕೇ ಬಿಡುತ್ತಾರೆ. ಇಂಥ ಎರಡು ಮಾತು ಸಾಕು, ವಿಮರ್ಶೆ ಬೇಡ. ಹಿಡಿಸದ ಪುಸ್ತಕವನ್ನು ಹಿಡಿಸಲಿಲ್ಲ ಎಂದೇ ಹೇಳಿ, ದೊಡ್ಡವರು ಬರೆದದ್ದಾದರೂ ಸರಿ. ಎಲ್ಲವನ್ನೂ ಹೊಗಳುವ ಸ್ನೇಹಿತನ ಶಿಫಾರಸನ್ನು ಕೊನೆಗೆ ಯಾರೂ ನಂಬುವುದಿಲ್ಲ.

ನಾವಿರುವ ನಾಡು ಈ ವಿಷಯದಲ್ಲಿ ಎಂಥದೆಂದು ಸ್ವಲ್ಪ ನೋಡಿ. ತಿರುವನಂತಪುರದ ಸಾರ್ವಜನಿಕ ಗ್ರಂಥಾಲಯ ಶುರುವಾದದ್ದು 1829ರಲ್ಲಿ, ಎರ್ನಾಕುಲಂನದು 1870ರಲ್ಲಿ. ಆದರೆ ಕೇರಳದ ಓದಿನ ಬೇರು ಈ ದೊಡ್ಡ ಕಟ್ಟಡಗಳಲ್ಲಿಲ್ಲ. ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಮೇಷ್ಟರು 1926ರಲ್ಲಿ ನೀಲಂಪೇರೂರಿನಲ್ಲಿ ಒಂದು ಸಣ್ಣ ಗ್ರಂಥಾಲಯ ತೆರೆದರು. 1945ರಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ಸಂಘ ಕಟ್ಟಿದರು. ಓದಿ ಬೆಳೆಯಿರಿ ಎಂಬುದು ಅವರು ಊರೂರು ಸುತ್ತಿ ಸಾರಿದ ಮಾತು. ಇಂದು ರಾಜ್ಯ ಲೈಬ್ರರಿ ಕೌನ್ಸಿಲಿನ ಅಡಿಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ವಾಯನಶಾಲೆಗಳು, ಅಂದರೆ ಗ್ರಂಥಾಲಯಗಳು, ಇವೆ. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ಇಲ್ಲಿ ವಾಯನಾದಿನವಾಗಿ, ಓದಿನ ದಿನವಾಗಿ, ಆಚರಿಸುತ್ತಾರೆ. ಮಕ್ಕಳ ಶಾಲೆಯ ಡೈರಿಯಲ್ಲಿ ನೀವೂ ನೋಡಿರುತ್ತೀರಿ. ಕೊಲ್ಲಂ ಜಿಲ್ಲೆಯ ಪೆರುಂಕುಳಂ ಗ್ರಾಮದವರು ರಸ್ತೆ ಬದಿಯಲ್ಲಿ ಪುಸ್ತಕದ ಗೂಡುಗಳನ್ನು ನೆಟ್ಟಿದ್ದಾರೆ. ಬೀಗವಿಲ್ಲ, ಕಾವಲಿಲ್ಲ, ಬೇಕಾದ್ದನ್ನು ಒಯ್ದು ಓದಿ ತಂದಿಡಬಹುದು.

ಇದಕ್ಕಿಂತಲೂ ನಮಗೆ ಹತ್ತಿರದ ಮಾದರಿ ಇಡುಕ್ಕಿಯ ಕಾಡಿನದು. ಇಡಮಲಕ್ಕುಡಿಯ ಮುದುವರ ಹಾಡಿಗಳ ನಡುವೆ ಪಿ.ವಿ. ಚಿನ್ನತಂಬಿ ಎಂಬ ಹಿರಿಯರು ಮಣ್ಣಿನ ಗೋಡೆಯ ಚಹಾದಂಗಡಿಯಲ್ಲಿ ಗ್ರಂಥಾಲಯ ನಡೆಸುತ್ತಿದ್ದರು. ಪತ್ರಕರ್ತ ಪಿ. ಸಾಯಿನಾಥ್ ನಡೆದುಕೊಂಡು ಹೋಗಿ ಕಂಡು 2014ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಇದ್ದದ್ದು 160 ಪುಸ್ತಕ, ಗೋಣಿಚೀಲದಲ್ಲಿ. ಸೇರುವಾಗ ಒಮ್ಮೆ 25 ರೂಪಾಯಿ, ಆಮೇಲೆ ತಿಂಗಳಿಗೆ 2 ರೂಪಾಯಿ. ಓದಲು ಬಂದವರಿಗೆ ಕಪ್ಪು ಚಹಾ ಪುಕ್ಕಟೆ. ಯಾರು ಯಾವಾಗ ಏನು ಒಯ್ದರು ಎಂಬುದನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಜನ ಒಯ್ಯುತ್ತಿದ್ದುದು ಹಗುರ ಪುಸ್ತಕವನ್ನಲ್ಲ. ತಮಿಳಿನ ‘ಶಿಲಪ್ಪದಿಗಾರಂ’ ಅನುವಾದವೂ ಆ ಪಟ್ಟಿಯಲ್ಲಿತ್ತು. ಕಾಕ್ಕನಾಡಿನ ಒಂದು ಅಪಾರ್ಟ್‌ಮೆಂಟಿನ ನಾಲ್ಕು ಕನ್ನಡ ಮನೆಗಳ ಪುಸ್ತಕ ಕೂಡಿಸಿದರೆ 160 ದಾಟುತ್ತದೆ. ಇಲ್ಲದಿರುವುದು ಆ ನೋಟ್‌ಬುಕ್ ಒಂದೇ.

‘ಕೊಟ್ಟ ಪುಸ್ತಕ ವಾಪಸು ಬರುವುದಿಲ್ಲ ಸ್ವಾಮಿ’ ಎನ್ನುತ್ತೀರಿ. ಪರರ ಕೈ ಸೇರಿದ ಪುಸ್ತಕ ಹೋದಂತೆಯೇ ಎಂದು ಹಿಂದಿನವರೂ ಹೇಳಿದ್ದಾರೆ, ಸುಳ್ಳಲ್ಲ. ಬಾರದಿರಲು ಕಾರಣ ಬಹುತೇಕ ದುರಾಸೆಯಲ್ಲ, ಮರೆವು. ಒಳಪುಟದಲ್ಲಿ ಹೆಸರು ಬರೆಯಿರಿ. ಕೊಟ್ಟ ದಿನ ನೋಟ್‌ಬುಕ್ಕಿಗೇರಲಿ. ಒಮ್ಮೆಗೆ ಒಂದೇ, ಅದೂ ಒಂದು ತಿಂಗಳಿಗೆ. ಲೇಖಕರ ಸಹಿ ಇರುವ ಪ್ರತಿ, ತೀರಿಹೋದ ಹಿರಿಯರ ಪೆನ್ಸಿಲ್ ಗುರುತಿರುವ ಪ್ರತಿ ಮನೆಯಲ್ಲೇ ಇರಲಿ. ಅದನ್ನು ಕೇಳುವುದೂ ಸಭ್ಯತೆಯಲ್ಲ. ಇನ್ನೊಂದು ಮಾತು ಕಟುವಾಗಿಯೇ ಹೇಳುತ್ತೇನೆ: ಸ್ಕ್ಯಾನ್ ಮಾಡಿದ ಪಿಡಿಎಫ್ ಹಂಚುವುದನ್ನು ಪುಸ್ತಕಪ್ರೇಮ ಎನ್ನಬೇಡಿ. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚಾಗುವುದೇ ಹೆಚ್ಚು. ಅದರಲ್ಲೂ ಕದ್ದರೆ ಬರೆಯುವವರು ಏನು ಮಾಡಬೇಕು?

ಹೊಸ ಪುಸ್ತಕ ತರಿಸುವ ಖರ್ಚನ್ನೂ ಹಂಚಿಕೊಳ್ಳಬಹುದು. ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು 2024ರ ಕೊನೆಗೆ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಂದ ಒಂದೇ ಪುಸ್ತಕ ತರಿಸುವುದು ದುಬಾರಿಯಾಯಿತು. ಐದಾರು ಮನೆಯವರು ಸೇರಿ ಒಟ್ಟಿಗೆ ತರಿಸಿ. ಐಲ್ಯಾಂಡ್ ಎಕ್ಸ್‌ಪ್ರೆಸ್ಸಿನಲ್ಲಿ ಪ್ರತಿವಾರ ನಮ್ಮವರು ಯಾರಾದರೂ ಬೆಂಗಳೂರಿನಿಂದ ಬರುತ್ತಲೇ ಇರುತ್ತಾರೆ. ಆ ರೈಲು ಎರ್ನಾಕುಲಂ ಮುಟ್ಟಿ ತಿರುವನಂತಪುರಕ್ಕೂ ಹೋಗುತ್ತದೆ. ಎರಡು ಊರಿನ ಚೀಲ ಒಂದೇ ಪ್ರಯಾಣಿಕರ ಕೈಯಲ್ಲಿ ಬರಬಹುದು.

ಮಲಯಾಳಿ ಸ್ನೇಹಿತರನ್ನು ಇದರಿಂದ ಹೊರಗಿಡಬೇಡಿ. ನಿರಂಜನರ ‘ಚಿರಸ್ಮರಣೆ’ಯನ್ನು ಮಲಯಾಳದಲ್ಲಿ ಓದಿ ಬೆಳೆದ ತಲೆಮಾರು ಇಲ್ಲಿದೆ. 1943ರಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರ ಕತೆಯನ್ನು ಬರೆದದ್ದು ಕನ್ನಡದ ಲೇಖಕ ಎಂದು ತಿಳಿದಾಗ ಎಷ್ಟೋ ಜನ ಬೆರಗಾಗುತ್ತಾರೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಬಂತು. ಆಫೀಸಿನ ಮಲಯಾಳಿ ಗೆಳತಿ ಇಂಗ್ಲಿಷಿನಲ್ಲಿ ‘ಹಾರ್ಟ್ ಲ್ಯಾಂಪ್’ ಓದಿ ಬಂದು ಕನ್ನಡದಲ್ಲಿ ಹೇಗಿದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲೆವು? ಮಲಯಾಳದ ಬಷೀರ್ ಕನ್ನಡದಲ್ಲಿದ್ದಾರೆ, ಬೆನ್ಯಾಮಿನ್ ಅವರ ‘ಆಡು ಜೀವನ’ ಕನ್ನಡದಲ್ಲಿದೆ. ಅವನ್ನು ಓದಿ ಮಲಯಾಳಿ ಸ್ನೇಹಿತರೊಡನೆ ಮಾತಾಡಿ. ಹವಾಮಾನದ ಬಗ್ಗೆ ಮಾತಾಡಿದ್ದು ಸಾಕು.

ಇನ್ನು ಹಕ್ಕಿನ ಮಾತು. ಕೇರಳದ 1989ರ ಗ್ರಂಥಾಲಯ ಕಾಯಿದೆಯಂತೆ ಕಟ್ಟಡ ತೆರಿಗೆಯ ಜೊತೆ ಶೇಕಡಾ 5ರಷ್ಟು ಗ್ರಂಥಾಲಯ ಸೆಸ್ ಸೇರಿರುತ್ತದೆ. ಇಲ್ಲಿ ಫ್ಲಾಟ್ ಕೊಂಡವರೆಲ್ಲ ಅದನ್ನು ಕಟ್ಟುತ್ತಿದ್ದೀರಿ. ಹಾಗಾಗಿ ನಿಮ್ಮ ವಾರ್ಡಿನ ವಾಯನಶಾಲೆಗೆ ಹೋಗಿ ಸದಸ್ಯರಾಗಿ, ಒಂದು ಕನ್ನಡ ಕಪಾಟು ಬೇಕೆಂದು ಲಿಖಿತವಾಗಿ ಕೇಳಿ. ಕಾಸರಗೋಡು ಈ ರಾಜ್ಯದ್ದೇ ಜಿಲ್ಲೆ, ಕನ್ನಡ ಅಲ್ಲಿಯ ಅನೇಕರ ನಿತ್ಯದ ಭಾಷೆ. ಕೇಳಲು ಸಂಕೋಚ ಬೇಕಿಲ್ಲ. ಮೊದಲ ಇಪ್ಪತ್ತೈದು ಪುಸ್ತಕ ನಾವೇ ಕೊಡುತ್ತೇವೆ ಎಂದರೆ ಬಾಗಿಲು ಬೇಗ ತೆರೆಯುತ್ತದೆ.

ಶುರುಮಾಡಲು ಸಂಘ ಬೇಡ, ಅಧ್ಯಕ್ಷರು ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ತಿಂಗಳ ಮೊದಲ ಭಾನುವಾರ ಸಂಜೆ ಕೊಚ್ಚಿಯವರು ಸುಭಾಷ್ ಪಾರ್ಕಿನಲ್ಲಿ, ತಿರುವನಂತಪುರದವರು ಕನಕಕ್ಕುನ್ನಿನ ಅಂಗಳದಲ್ಲಿ ಸೇರೋಣ. ಮಳೆ ಬಂದರೆ ಯಾರದಾದರೂ ಮನೆ. ಓದಿದ ಒಂದು ಪುಸ್ತಕ ತನ್ನಿ, ಅದನ್ನು ಯಾರಿಗೆ ಕೊಡಬೇಕೆಂದು ಯೋಚಿಸಿಕೊಂಡು ಬನ್ನಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕರೆತನ್ನಿ, ಅವರಿಗೆ ಓದಿ ಹೇಳಬಹುದಾದ ಒಂದು ಕನ್ನಡ ಕತೆ ಪುಸ್ತಕವನ್ನೂ ತನ್ನಿ. ಶಾಲೆಯಲ್ಲಿ ಮಲಯಾಳ, ಹಿಂದಿ, ಇಂಗ್ಲಿಷ್ ಕಲಿಯುವ ಅವರಿಗೆ ಕನ್ನಡದ ಅಕ್ಷರ ಕಾಣಸಿಗುವುದು ನಮ್ಮಿಂದಲೇ. ನೋಟ್‌ಬುಕ್ ಇಡುವ ಕೆಲಸಕ್ಕೆ ಎರಡೂ ಊರಿನಲ್ಲಿ ಒಬ್ಬೊಬ್ಬರು ಮುಂದೆ ಬನ್ನಿ. ಅಕ್ಷರ ದುಂಡಗಿರದಿದ್ದರೂ ಪರವಾಗಿಲ್ಲ.