ದನಿ ಹೋಯ್ತು ಅಂದವರಿಗೆ...

ಮೂರು ದಿನದಿಂದ ಮಡಿಕೇರಿಯಲ್ಲಿ ಒಂದೇ ಸಮ ಮಳೆ. ಕರೆಂಟ್ ಬಂದರೆ ಸುದ್ದಿ, ಹೋದರೆ ಸುದ್ದಿಯಲ್ಲ. ಅಟ್ಟದ ಮೇಲಿದ್ದ ಬ್ಯಾಟರಿ ಟೇಪ್ ರೆಕಾರ್ಡರ್ ಇಳಿಸಿ, ಬೂಷ್ಟು ಹಿಡಿಯದೆ ಉಳಿದಿದ್ದ ಕ್ಯಾಸೆಟ್ಟೊಂದನ್ನು ಹಾಕಿದೆ. ಗಂಗೂಬಾಯಿ ಹಾನಗಲ್.

ವಿರಾಜಪೇಟೆಯಿಂದ ಬಂದಿದ್ದ ಅಣ್ಣ ಕಾಫಿ ಲೋಟ ಕೆಳಗಿಟ್ಟು ಕೇಳಿದ, "ಯಾರೇ ಇದು ಗಂಡಸು?" ಹೇಳಿದೆ. "ಅಯ್ಯೋ, ಇಷ್ಟು ವಯಸ್ಸಾದ ಮೇಲೆ ಯಾಕೆ ರೆಕಾರ್ಡ್ ಮಾಡಿಸ್ಬೇಕಿತ್ತು? ದನಿ ಇದ್ದಾಗಲೇ ನಿಲ್ಲಿಸ್ಬೇಕಪ್ಪ."

ಅವನ ಮೇಲೆ ಕೋಪ ಬರಲಿಲ್ಲ. ಸಂಗೀತ ಚೆನ್ನಾಗಿ ಗೊತ್ತಿರುವವರೂ ಇದೇ ಮಾತು ಹೇಳಿದ್ದು ಕೇಳಿದ್ದೇನೆ. ಅಲ್ಲ ಅಂತ ಯಾಕೆ ಅನ್ನಿಸುತ್ತೆ ಅಂತ ಬರೆದಿಡೋಣ ಅನ್ನಿಸಿತು.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಲ್ಲಿ ಗ್ರಾಮಫೋನ್ ಪ್ಲೇಟುಗಳಿಗೆ ಹಾಡಿದ್ದಾರೆ. ಸಿಕ್ಕರೆ ಕೇಳಿ. ಎಳೆಯ, ಎತ್ತರದ, ಚುರುಕು ದನಿ. ಆಮೇಲೆ ಗಂಟಲಿನ ತೊಂದರೆ, ಅದಕ್ಕೆ ಚಿಕಿತ್ಸೆ. ದನಿ ಇಳಿಯಿತು, ದಪ್ಪವಾಯಿತು. ಅಂದರೆ ಅಣ್ಣ ಹೇಳಿದ 'ಗಂಡಸಿನ ದನಿ' ವಯಸ್ಸಿನಿಂದ ಬಂದದ್ದೇ ಅಲ್ಲ! ಅವರು ಹೆಸರು ಮಾಡಿದ್ದೇ ಆ ದನಿಯಲ್ಲಿ.

ಇನ್ನೊಂದು ವಿಷಯ. ಆ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ರಾಗ ತೋರಿಸಿ, ತಾನು ಹೊಡೆದು, ಮುಗಿಸಬೇಕು. ಆದರೆ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತದ್ದು ಕಿರಾಣಾ ಗಾಯಕಿ. ಒಂದು ಸ್ವರದ ಹತ್ತಿರ ಕೂತು, ಅದು ಬಿಟ್ಟುಕೊಡುವ ತನಕ ಏಳದ ಗಾಯಕಿ ಅದು. ಮೂರು ನಿಮಿಷ ಎಲ್ಲಿಗೆ ಸಾಕು? ಮೊದಲು ಎಲ್‌ಪಿ, ಆಮೇಲೆ ಅರ್ಧ ಗಂಟೆಯ ಕ್ಯಾಸೆಟ್ ಬದಿ ಬಂದ ಮೇಲೇ ಅವರ ಕಲಿಕೆಗೂ ಧ್ವನಿಮುದ್ರಣಕ್ಕೂ ಅಳತೆ ಕೂಡಿದ್ದು. ತೋಡಿ, ಮಾರ್ವಾ, ಚಂದ್ರಕೌಂಸ್... ಹತ್ತಿಪ್ಪತ್ತು ರಾಗಗಳ ಸುತ್ತಲೇ ಜೀವಮಾನವಿಡೀ ತಿರುಗಿದವರ ಪಾಲಿಗೆ ಇದು ತಡವಾಗಿ ಸಿಕ್ಕ ನ್ಯಾಯ.

ಪಾಶ್ಚಾತ್ಯ ಸಂಗೀತದವರಿಗೆ ಈ ಜಗಳ ಹಳೆಯದು. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ, 22ರ ವಯಸ್ಸಲ್ಲಿ, ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನು ಸುಮಾರು 38 ನಿಮಿಷದಲ್ಲಿ ನುಡಿಸಿ ಮುಗಿಸಿದ್ದ. 1981ರಲ್ಲಿ ಅದೇ ನ್ಯೂಯಾರ್ಕ್ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದಾಗ 51 ನಿಮಿಷ! ಮರುವರ್ಷ ತೀರಿಕೊಂಡ. ಯಾವುದು ಮೇಲು ಅಂತ ಇವತ್ತಿಗೂ ಜನ ಕಿತ್ತಾಡ್ತಾರೆ. ಆದರೆ ಗೂಲ್ಡ್‌ನ ಬೆರಳು ಸೋತಿರಲಿಲ್ಲ, ನಿಧಾನ ಅವನೇ ಆರಿಸಿಕೊಂಡದ್ದು. ಗಂಗೂಬಾಯಿಗೆ ಆ ಆಯ್ಕೆ ಇರಲಿಲ್ಲ. ಉಸಿರು ಕೊಟ್ಟಷ್ಟರಲ್ಲೇ ಮನೆ ಕಟ್ಟಬೇಕಿತ್ತು.

ಹಾಗಂತ ಎಲ್ಲಾ ಚೆನ್ನಾಗಿದೆ ಅನ್ನಲಾರೆ. ನನ್ನ ಹತ್ತಿರ ಇರುವ ಕ್ಯಾಸೆಟ್ಟುಗಳಲ್ಲಿ ವಿಲಂಬಿತ್ ಮುಗಿದು ದ್ರುತ್ ಶುರುವಾದ ಮೇಲೆ ತಾನುಗಳು ಒರಟಾಗುತ್ತವೆ. ಕೆಲವು ಕಡೆ ಉಸಿರು ಸಾಲದ್ದು ಕೇಳಿಸುತ್ತೆ. ಒಂದರಲ್ಲಂತೂ ಬದಿ ಮುಗಿಯುತ್ತೆ ಅಂತ ಯಾರೋ ಕೈಸನ್ನೆ ಮಾಡಿದ ಹಾಗೆ ಹಾಡು ಸಟಕ್ಕನೆ ನಿಲ್ಲುತ್ತೆ. ಹೊಸದಾಗಿ ಕೇಳುವವರಿಗೆ ನಾನು ಹೇಳೋದು: ಮೊದಲ ಹದಿನೈದು ನಿಮಿಷ ಕೇಳಿ, ಉಳಿದದ್ದು ನಿಮ್ಮಿಷ್ಟ.

ಆದರೆ ನಾನು ಇದನ್ನು ಬರೆಯೋಕೆ ಕೂತದ್ದು ಇನ್ನೊಂದು ದನಿಗಾಗಿ. ತಾಯಿ ಷಡ್ಜದ ಹತ್ತಿರ ನಿಂತು ಉಸಿರು ತೆಗೆದುಕೊಳ್ಳುವಾಗ ಹಿಂದಿನಿಂದ ಒಂದು ದನಿ ಆ ಸಾಲನ್ನು ಕೆಳಗೆ ಬೀಳದ ಹಾಗೆ ಹಿಡಿಯುತ್ತೆ, ಮೇಲಿನ ಸ್ವರಗಳಿಗೆ ಒಯ್ಯುತ್ತೆ, ತಾಯಿ ಮತ್ತೆ ಬಾಯಿ ತೆರೆದ ಕೂಡಲೇ ಸರಿದು ನಿಲ್ಲುತ್ತೆ. ಅದು ಮಗಳು ಕೃಷ್ಣಾ ಹಾನಗಲ್. ಕ್ಯಾಸೆಟ್ ಕಾಲಕ್ಕೆ ಅವರೂ ಐವತ್ತು ದಾಟಿದವರು. ಸ್ವತಃ ಒಳ್ಳೆಯ ಗಾಯಕಿ.

ನಮ್ಮ ಕೊಡಗಿನಲ್ಲಿ ದುಡಿಕೊಟ್ಟ್ ಪಾಟ್ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತೆ. ನಾಲ್ವರು ದುಡಿ ಬಡಿಯುತ್ತಾ ಹಾಡುವಾಗ ಒಂದು ಜೋಡಿ ಬಿಟ್ಟದ್ದನ್ನು ಇನ್ನೊಂದು ಜೋಡಿ ಎತ್ತಿಕೊಳ್ಳುತ್ತೆ. ಅಲ್ಲಿ ಯಾರ ದನಿ ದೊಡ್ಡದು ಅಂತ ಯಾರೂ ಕೇಳಲ್ಲ, ಹಾಡು ನಿಲ್ಲಬಾರದು ಅಷ್ಟೇ.

ಈ ಕ್ಯಾಸೆಟ್ಟಿನ ಹೊದಿಕೆ ತಿರುಗಿಸಿ ನೋಡಿದೆ. ಮುಂದೆ ತಾಯಿಯ ದೊಡ್ಡ ಫೋಟೋ. ಒಳಗೆ ತಬಲಾದವರ ಹೆಸರಿನ ಹತ್ತಿರ, ಇರುವೆ ಸಾಲಿನಂಥ ಅಕ್ಷರದಲ್ಲಿ ಮಗಳ ಹೆಸರು. ಬೇಜಾರಾಯ್ತು. ಇದನ್ನು ಒಬ್ಬರ ಹಾಡು ಅಂತ ಕೇಳಿದರೆ "ದನಿ ಹೋಗಿದೆ" ಅನ್ನಿಸಬಹುದು. ಇಬ್ಬರದು ಅಂತ ಕೇಳಿ ನೋಡಿ, ಏನೂ ಹೋಗಿಲ್ಲ.

ಕೃಷ್ಣಾ 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ಗಂಗೂಬಾಯಿ 2009ರ ಜುಲೈ 21ರಂದು. ಆ ಜುಗಲ್ ಇನ್ನು ಸಿಗೋದು ಈ ಕೊನೆಗಾಲದ ಧ್ವನಿಮುದ್ರಣಗಳಲ್ಲೇ. ಅಣ್ಣ ಹೇಳಿದ ಹಾಗೆ "ದನಿ ಇದ್ದಾಗಲೇ" ನಿಲ್ಲಿಸಿಬಿಟ್ಟಿದ್ದರೆ?

ಅಷ್ಟೆಲ್ಲ ಹೇಳಿದ ಮೇಲೆ ಅಣ್ಣ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಇನ್ನೊಂದು ಬದಿ ಹಾಕು ನೋಡುವ" ಅಂದ. ಹಾಕಿದೆ. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು :-)

ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ಒಮ್ಮೆ ಹಾಕಿ, ಹಿಂದಿನ ದನಿಗೆ ಕಿವಿ ಕೊಡಿ. ಏನನ್ನಿಸಿತು ಅಂತ ಹೇಳ್ತೀರಲ್ಲ?