ಬೈಕು ಹೊರುವ ಗಾಡಿಗೂ ದಾರಿ ಬೇಕು

ಕೊಳ್ಳೇಗಾಲದ ಮಗ್ಗದ ಕೆಲಸಗಾರನಿಗೂ ಹನೂರು, ಯಳಂದೂರುಗಳಿಗೆ ಸರಕು ಒಯ್ಯುವ ಸಣ್ಣ ವ್ಯಾಪಾರಿಗೂ ಇಂದು ಬೈಕು ಷೋಕಿಯ ವಸ್ತುವಲ್ಲ, ಅನ್ನದ ದಾರಿ. ಹನೂರಿನಾಚೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಅದು ಕೆಟ್ಟು ನಿಂತರೆ, ಸಾಗಿಸುವ ಬಾಡಿಗೆಗೇ ದಿನದ ಸಂಪಾದನೆ ಹೋಯಿತು.

ಇದಕ್ಕೆ ಪರಿಹಾರ ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲೇ ಇದೆ. ಕಬ್ಬಿಣದ ಚೌಕಟ್ಟು, ಒಂದು ಅಚ್ಚು, ಎರಡು ಚಕ್ರ, ಬೈಕು ಹತ್ತಿಸಲು ಒಂದು ಹಲಗೆ. ನಾಲ್ಕೈದು ಮಂದಿ ಕೂಡಿ ಮಾಡಿಸಿಕೊಂಡರೆ ಜೀಪಿನ ಹಿಂದೆ ಕಟ್ಟಿ ಎಳೆಯಬಹುದು. ಆದರೆ ಬೆಸುಗೆ ಹಾಕಿದ ಮಾತ್ರಕ್ಕೆ ಗಾಡಿಯಾಗದು. ಭಾರ ಅಚ್ಚಿಗಿಂತ ತುಸು ಮುಂದೆ ಬೀಳಬೇಕು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆಂದು ಎತ್ತಿನ ಗಾಡಿ ಹೂಡಿದವರಿಗೆಲ್ಲ ಗೊತ್ತು. ಟ್ರೇಲರಾದರೆ ವೇಗದಲ್ಲಿ ಅತ್ತಿತ್ತ ಹೊಯ್ದಾಡಿ ಎಳೆಯುವ ವಾಹನವನ್ನೂ ಉರುಳಿಸೀತು. ಬೈಕನ್ನು ನಾಲ್ಕು ಕಡೆಯಿಂದ ಬಿಗಿಯಬೇಕು. ಕೊಂಡಿ ಕಳಚಿದರೂ ಹಿಡಿದಿಡುವ ಸರಪಳಿ ಬೇಕು, ಹಿಂದೆ ಕೆಂಪು ದೀಪ ಬೇಕು.

1988ರ ಮೋಟಾರು ವಾಹನ ಕಾಯಿದೆಯಂತೆ ಟ್ರೇಲರ್ ಕೂಡ ಮೋಟಾರು ವಾಹನವೇ, ನೋಂದಣಿಯಿಲ್ಲದೆ ರಸ್ತೆಗಿಳಿಯುವಂತಿಲ್ಲ. ಊರಲ್ಲೇ ಜೋಡಿಸಿದ ‘ಜುಗಾಡ್’ ಗಾಡಿಗಳೂ ಈ ಕಾಯಿದೆಗೆ ಒಳಪಟ್ಟವೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಅದು ನ್ಯಾಯವೇ. ಕೊಂಡಿ ಕಳಚಿದ ಗಾಡಿಯ ಹಿಂದೆ ಬರುತ್ತಿರುವವನೂ ನಮ್ಮಂಥ ದುಡಿಮೆಗಾರನೇ.

ನಾವು ಕೇಳುವುದಿಷ್ಟೆ: ದಂಡ ಹಾಕಲು ರಸ್ತೆಗೆ ಬರುವ ಸಾರಿಗೆ ಇಲಾಖೆ ತಪಾಸಣೆಗೂ ತಾಲ್ಲೂಕುಗಳಿಗೆ ಬರಲಿ. ಗಾಡಿ ಇಂತಿಷ್ಟೇ ಅಳತೆಯಲ್ಲಿರಬೇಕೆಂಬ ನಕ್ಷೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ವೆಲ್ಡಿಂಗ್ ಅಂಗಡಿಗೆ ಹಂಚಲಿ. ಬಡವನ ಕೈಗೆಟುಕುವ ಶುಲ್ಕಕ್ಕೆ ನೋಂದಣಿ ಮಾಡಿಕೊಡಲಿ. ಆ ಮೇಲೂ ತಪ್ಪಿ ನಡೆದವರಿಗೆ ದಂಡ ವಿಧಿಸಿದರೆ ನಮ್ಮ ತಕರಾರಿಲ್ಲ. ದಾರಿ ತೋರಿಸದೆ ದಂಡ ಮಾತ್ರ ಕೇಳುವುದು ಆಡಳಿತವಲ್ಲ, ಸುಂಕ ವಸೂಲಿ.