ಆನರ್ಸ್ ವಿದ್ಯಾರ್ಥಿಗಳು ಗ್ರಾಮಸಭೆಗೆ ಬರಲಿ

ನಾಲ್ಕು ವರ್ಷದ ಆನರ್ಸ್ ಪದವಿ 2021ರಲ್ಲಿ ನಮ್ಮ ರಾಜ್ಯಕ್ಕೆ ಬಂತು. 2024ರಲ್ಲಿ ಸರಕಾರ ಹೊಸಬರಿಗೆ ಮತ್ತೆ ಮೂರು ವರ್ಷದ ಪದವಿಯನ್ನೇ ತಂದಿತು. ವರ್ಷ ಮೂರಾಗಲಿ ನಾಲ್ಕಾಗಲಿ, ದಾಂಡೇಲಿಯ ಕಾಗದ ಗಿರಣಿಯ ಕಾರ್ಮಿಕನೂ ಹಳಿಯಾಳದ ಕಿರಾಣಿ ಅಂಗಡಿಯವನೂ ಹೊಟ್ಟೆ ಕಟ್ಟಿ ಫೀ ತುಂಬುವುದು ತಪ್ಪಲಿಲ್ಲ. ಹೀಗೆ ಓದಿಸಿದ ಜಾಣ ಮಕ್ಕಳಿಂದ ಊರಿಗೇನು ಲಾಭ ಎಂದು ಕೇಳುವ ಹಕ್ಕು ಇವರಿಗಿದೆ.

ನಾಯಕತ್ವ ಶಿಬಿರಗಳಿಗೇನೂ ಬರವಿಲ್ಲ. ಹಾರ, ಭಾಷಣ, ಫೋಟೋ, ಪ್ರಮಾಣಪತ್ರ. ಅಲ್ಲಿಗೆ ನಾಯಕ ತಯಾರಾದನಂತೆ! 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆ ವಿದ್ಯಾರ್ಥಿಯಿಂದ ವರ್ಷಕ್ಕೆ 120 ಗಂಟೆಗಳ ಸೇವೆ ಕೇಳುತ್ತದೆ. ಒಳ್ಳೆಯದೇ. ಆದರೆ ಅಷ್ಟೂ ಗಂಟೆ ಕಾಲೇಜಿನ ಅಂಗಳ ಗುಡಿಸುವುದರಲ್ಲೇ ಕಳೆದರೆ ಅಂಗಳ ಸ್ವಚ್ಛವಾದೀತು, ಅಷ್ಟೆ.

ಕೆಲಸ ಇರುವುದು ಜೋಯಿಡಾ, ಮುಂಡಗೋಡಗಳ ಕಾಡಂಚಿನಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಸಾಗುವಳಿದಾರನ ಅರ್ಜಿಯನ್ನು ಮೊದಲು ತೀರ್ಮಾನಿಸುವುದು ಗ್ರಾಮಸಭೆ. ಊರಿನ ಅರಣ್ಯ ಹಕ್ಕು ಸಮಿತಿ ಜಾಗ ನೋಡಿ, ನಕ್ಷೆ ಬರೆದು, ಸಾಕ್ಷ್ಯ ಕೂಡಿಸಬೇಕು. ಸಭೆಯ ಠರಾವು ಉಪವಿಭಾಗ ಸಮಿತಿಗೂ ಅಲ್ಲಿಂದ ಜಿಲ್ಲಾ ಸಮಿತಿಗೂ ಹೋಗಬೇಕು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿ ತೋರಿಸಿದರೆ ಸಾಕು. ಪಂಗಡದ ಪಟ್ಟಿಯಲ್ಲಿಲ್ಲದವರು ಆ ದಿನಕ್ಕೂ ಹಿಂದಿನ 75 ವರ್ಷಗಳ ವಾಸವನ್ನು ತೋರಿಸಬೇಕು. ಅಕ್ಷರ ಬಾರದ ಮುದುಕಿ 1930ರ ಕಾಗದ ಎಲ್ಲಿಂದ ತಂದಾಳು? ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಕೊಡಲು ನಿಯಮದಲ್ಲೇ ಅವಕಾಶವಿದೆ. ತೀರ್ಮಾನ ವಿರುದ್ಧವಾದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಮನವಿ ಕೊಡಬಹುದು. ಇದನ್ನು ಓದಿ ಹೇಳುವವರಿಲ್ಲದೆ ಅವಧಿ ಮೀರಿದರೆ ಹೊಲ ಹೋಯಿತು. ಹೊಲದ ಜೊತೆಗೆ ಪೇಟೆಯ ಅಂಗಡಿಗೆ ಒಬ್ಬ ಗಿರಾಕಿಯೂ ಹೋದ.

ಆನರ್ಸ್ ವಿದ್ಯಾರ್ಥಿ ಅಲ್ಲಿಗೆ ಸಾಹೇಬನಾಗಿ ಹೋಗುವುದು ಬೇಡ, ಊರಿನ ಗುಮಾಸ್ತನಾಗಿ ಹೋಗಲಿ. 1942ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡ ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ನಡುವೆ ನಿಂತರು. ಶಾಸನಸಭೆಗೆ ಹೋದದ್ದು ಅದರ ಮರುವರ್ಷ. ನಾಯಕತ್ವದ ಕ್ರಮ ಅದು.

ಇನ್ನು ಚುನಾವಣೆಯ ಮಾತು. ಕಾಲೇಜುಗಳ ವಿದ್ಯಾರ್ಥಿ ಸಂಘದ ಚುನಾವಣೆಯನ್ನು 1989ರ ಸುಮಾರಿಗೆ ನಿಲ್ಲಿಸಿದ ಮೇಲೆ ಒಂದು ಪೀಳಿಗೆಯೇ ಮತಪೆಟ್ಟಿಗೆ ಮುಟ್ಟದೆ ಕಾಲೇಜು ದಾಟಿತು. 18ಕ್ಕೆ ಮತ ಹಾಕಬಹುದು, 21ಕ್ಕೆ ಗ್ರಾಮ ಪಂಚಾಯತಿಗೆ ನಿಲ್ಲಬಹುದು. ತನ್ನ ಸಂಘದ ಕಾರ್ಯದರ್ಶಿಯನ್ನು ಮಾತ್ರ ಆರಿಸಬಾರದು ಎನ್ನುವುದು ಯಾವ ನ್ಯಾಯ? ಹೊಡೆದಾಟದ ಭಯ ಸುಳ್ಳಲ್ಲ. ಆ ಭಯಕ್ಕೆ ಶಾಸನಸಭೆಯ ಚುನಾವಣೆಯನ್ನು ಯಾರೂ ನಿಲ್ಲಿಸಿಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ನಾವು ಒತ್ತಾಯಿಸುತ್ತೇವೆ: ಗ್ರಾಮಸಭೆಯಲ್ಲಿ ಕುಳಿತು ಬರೆದ ಅರ್ಜಿ, ನಕ್ಷೆ, ಹೇಳಿಕೆಗಳಿಗೆ ಪರೀಕ್ಷೆಯಲ್ಲಿ ಅಂಕ ಕೊಡಿ. ಪಾಲಕರೂ ಮುಂದಿನ ಸಭೆಗೆ ಮಗನನ್ನೂ ಮಗಳನ್ನೂ ಕರೆದುಕೊಂಡು ಬರಲಿ.